ಫೈಲ್ ತೆರೆದರೆ ಸಾಲದು, ಹಾಗ್‌ಹಾಗೇ ತೆರೆಯಬೇಕು: ಎಂಎಸ್ ಆಫೀಸ್‌ಗೆ ಬದಲಿ ಯಾವುದು?

 

ಇವತ್ತಿನ ವಿಷಯ ಕಾಲೇಜಿನ ಕೊನೇ ವರ್ಷದಲ್ಲಿರೋ ಎಲ್ಲರಿಗೂ ಗೊತ್ತಿರೋದೇ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಎಂಎಸ್ ಆಫೀಸ್ ಟ್ರಯಲ್ ಒಂದಿನ ಮುಗಿಯುತ್ತೆ. ಫೈಲ್ ತೆರೆಯುತ್ತೆ, ಓದಬಹುದು, ಪ್ರಿಂಟ್ ಕೂಡ ತೆಗೀಬಹುದು. ಆದ್ರೆ ಒಂದಕ್ಷರ ತಿದ್ದೋಕಾಗಲ್ಲ. ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದ ವಾರದಲ್ಲೇ ಇದು ಆಗೋದು ಅನ್ನೋದು ಬೇರೆ ಮಾತು. ಇನ್ನು ಆಫೀಸ್ 2016, ಆಫೀಸ್ 2019 ಇಟ್ಕೊಂಡಿರೋರ ಕಥೆ ಇನ್ನೊಂದು ಥರ. ಆ ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದೆ. ಅವು ಓಡ್ತಾನೇ ಇರ್ತವೆ, ಆದ್ರೆ ಸೆಕ್ಯುರಿಟಿ ಅಪ್‌ಡೇಟ್ ಬರೋದಿಲ್ಲ.

ಆಗ ಮುಂದಿರೋ ದಾರಿ ಮೂರು. ಒಂದು, ದುಡ್ಡು ಕೊಟ್ಟು ಚಂದಾ ಹಾಕ್ಕೊಳ್ಳೋದು. ಎರಡು, ಹಾಸ್ಟೆಲ್‌ನಲ್ಲಿ ಯಾರೋ ಪೆನ್‌ಡ್ರೈವ್‌ನಲ್ಲಿ ಕೊಡೋ ಕ್ರ್ಯಾಕ್. ಇದರ ಬಗ್ಗೆ ಒಂದೇ ಮಾತು: ಆ ಆ್ಯಕ್ಟಿವೇಟರ್ ಓಡಿಸೋಕೆ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಅಂತ ಅದೇ ಹೇಳುತ್ತೆ. ಮನೆಗೆ ಬರೋನು ಮೊದಲು ನಾಯಿ ಕಟ್ಟಿಹಾಕಿ, ಬಾಗಿಲು ತೆಗೆದಿಟ್ಟು ಹೊರಗೆ ಹೋಗಿ ಅಂದ್ರೆ ನೀವು ಒಪ್ತೀರಾ? ಅದೇ ಲ್ಯಾಪ್‌ಟಾಪ್‌ನಲ್ಲಿ ನಿಮ್ಮ ನೆಟ್‌ಬ್ಯಾಂಕಿಂಗ್ ಕೂಡ ಇದೆ. ಮೂರನೇ ದಾರಿ, ಬದಲಿ ಸಾಫ್ಟ್‌ವೇರ್. ಲಿಬ್ರೆಆಫೀಸ್, ಓನ್ಲಿಆಫೀಸ್, ಡಬ್ಲ್ಯೂಪಿಎಸ್, ಗೂಗಲ್ ಡಾಕ್ಸ್, ಜೋಹೋ ಹೀಗೆ ಹಲವು ಇವೆ, ಹೆಚ್ಚಿನವು ಉಚಿತ.

ಹಾಗಿದ್ರೂ ಜನ ಯಾಕೆ ಹಿಂಜರೀತಾರೆ? ಒಂದೇ ಭಯ. ನಾನು ಇಲ್ಲಿ ಮಾಡಿದ ಫೈಲ್ ಅಲ್ಲಿ ಹಾಗೇ ತೆರೆಯುತ್ತಾ? ಒಂದು ಪುಟದ ರೆಸ್ಯೂಮೆ ಎಚ್‌ಆರ್ ಕಂಪ್ಯೂಟರ್‌ನಲ್ಲಿ ಎರಡು ಪುಟ ಆಗಿ, ಎರಡನೇ ಪುಟದಲ್ಲಿ ಬರೀ ನಿಮ್ಮ ಸಹಿ ಮಾತ್ರ ಉಳಿದ್ರೆ? ಈ ಭಯ ಸುಳ್ಳಲ್ಲ. ಆದ್ರೆ ಫೈಲ್ ಕೆಡೋದಕ್ಕೆ ಕಾರಣ ನೀವು ಅಂದುಕೊಂಡಿರೋದು ಬಹುಪಾಲು ಸಲ ಆಗಿರಲ್ಲ. ಆ ಕಾರಣ ಅರ್ಥ ಆದ್ರೆ ಯಾವ ಸಾಫ್ಟ್‌ವೇರ್ ಅನ್ನೋ ಆಯ್ಕೆ ಅರ್ಧ ಸುಲಭ ಆಗುತ್ತೆ.

ಮೊದಲು ಫೈಲ್ ಒಳಗೆ ಏನಿದೆ ನೋಡೋಣ. ಒಂದು ಡಾಕ್‌ಎಕ್ಸ್ ಫೈಲ್ ತಗೊಳ್ಳಿ, ಕಾಪಿ ಮಾಡ್ಕೊಳ್ಳಿ, ಆ ಕಾಪಿಯ ಹೆಸರಿನ ಕೊನೆಯಲ್ಲಿರೋ ಡಾಕ್‌ಎಕ್ಸ್ ತೆಗೆದು ಜಿಪ್ ಅಂತ ಬರೀರಿ. ತೆರೆದ್ರೆ ಒಳಗೆ ಫೋಲ್ಡರ್‌ಗಳು ಕಾಣ್ತವೆ! ಹೌದು, ಡಾಕ್‌ಎಕ್ಸ್ ಅನ್ನೋದು ಒಂದು ಜಿಪ್ ಗಂಟು ಅಷ್ಟೇ. ಅದರೊಳಗೆ ವರ್ಡ್ ಅನ್ನೋ ಫೋಲ್ಡರ್, ಅದರಲ್ಲಿ ಡಾಕ್ಯುಮೆಂಟ್ ಅನ್ನೋ ಎಕ್ಸ್‌ಎಂಎಲ್ ಫೈಲ್. ನಿಮ್ಮ ಮಾತೆಲ್ಲ ಅದರಲ್ಲಿದೆ. ಜೊತೆಗೆ ಸೂಚನೆಗಳಿವೆ: ಈ ಸಾಲು ದಪ್ಪ, ಈ ಪ್ಯಾರಾ ಇಷ್ಟು ಒಳಗೆ, ಈ ಅಕ್ಷರಕ್ಕೆ ಕ್ಯಾಲಿಬ್ರಿ ಫಾಂಟ್, ಸೈಜ್ 11.

ಏನು ಇಲ್ಲ ಅಂದ್ರೆ, ಪುಟದ ಚಿತ್ರ ಇಲ್ಲ. ಸಾಲು ಎಲ್ಲಿ ಮುರೀಬೇಕು, ಎರಡನೇ ಪುಟ ಎಲ್ಲಿಂದ ಶುರುವಾಗಬೇಕು ಅನ್ನೋದನ್ನ ತೆರೆಯೋ ಸಾಫ್ಟ್‌ವೇರ್ ಆ ಕ್ಷಣಕ್ಕೆ ಲೆಕ್ಕ ಹಾಕುತ್ತೆ. ಪಿಡಿಎಫ್ ಅಂದ್ರೆ ಬಡಿಸಿಟ್ಟ ಊಟ, ಡಾಕ್‌ಎಕ್ಸ್ ಅಂದ್ರೆ ಅಡುಗೆ ಮಾಡೋ ಚೀಟಿ. ಒಂದೇ ಚೀಟಿ ಇಟ್ಕೊಂಡು ಅಮ್ಮ ಮಾಡಿದ ಹುಳಿಗೂ ಅತ್ತೆ ಮಾಡಿದ ಹುಳಿಗೂ ವ್ಯತ್ಯಾಸ ಇರುತ್ತಲ್ಲ, ಹಾಗೆ. ಅದರಲ್ಲೂ ಚೀಟಿಯಲ್ಲಿ ಬರೆದಿರೋ ಸಾಮಾನೇ ಮನೆಯಲ್ಲಿ ಇಲ್ದಿದ್ರೆ?

ಇಲ್ಲಿ ಸಾಮಾನು ಅಂದ್ರೆ ಫಾಂಟ್. ನಾನು ಹೇಳ್ತಾ ಇದ್ದ ಕಾರಣ ಇದೇ.

2007ರ ಆಫೀಸ್‌ನಿಂದ ವರ್ಡ್‌ನ ಡೀಫಾಲ್ಟ್ ಫಾಂಟ್ ಕ್ಯಾಲಿಬ್ರಿ. ಅದು ಮೈಕ್ರೋಸಾಫ್ಟ್ ಸೊತ್ತು, ಲಿನಕ್ಸ್ ಕಂಪ್ಯೂಟರ್‌ನಲ್ಲಿ, ಆಂಡ್ರಾಯ್ಡ್ ಫೋನ್‌ನಲ್ಲಿ ತಾನಾಗೇ ಇರಲ್ಲ. ಫಾಂಟ್ ಇಲ್ಲದ ಕಡೆ ಫೈಲ್ ತೆರೆದ್ರೆ ಸಾಫ್ಟ್‌ವೇರ್ ಸುಮ್ನೆ ಬೇರೆ ಯಾವುದೋ ಫಾಂಟ್ ಹಾಕುತ್ತೆ, ನಿಮಗೆ ಹೇಳೋದೂ ಇಲ್ಲ. ಆ ಬೇರೆ ಫಾಂಟ್‌ನಲ್ಲಿ ಒಂದೊಂದು ಅಕ್ಷರವೂ ಕೂದಲೆಳೆಯಷ್ಟು ಅಗಲ ಇದ್ರೆ ಸಾಕು. ಸಾಲಿನ ಕೊನೆಯ ಪದ ಕೆಳಗೆ ಇಳಿಯುತ್ತೆ, ಪ್ಯಾರಾ ಒಂದು ಸಾಲು ಬೆಳೆಯುತ್ತೆ, ಟೇಬಲ್ ಮುಂದಿನ ಪುಟಕ್ಕೆ ಹಾರುತ್ತೆ, ಪುಟಸಂಖ್ಯೆ ಎಲ್ಲ ತಪ್ಪುತ್ತೆ. ನೋಡಿದವರು ಹೇಳೋದು ಏನು? ಈ ಫ್ರೀ ಸಾಫ್ಟ್‌ವೇರ್ ಸರಿ ಇಲ್ಲ ಅಂತ.

ಇದಕ್ಕೆ ಒಂದು ಜಾಣ ಪರಿಹಾರ ಇದೆ. ಆಕಾರ ಬೇರೆ, ಅಳತೆ ಮಾತ್ರ ಅದೇ ಇರೋ ಫಾಂಟ್‌ಗಳು. ಕ್ಯಾಲಿಬ್ರಿಗೆ ಕಾರ್ಲಿಟೊ, ಕ್ಯಾಂಬ್ರಿಯಾಗೆ ಕ್ಯಾಲಡಿಯಾ. ಟೈಮ್ಸ್ ನ್ಯೂ ರೋಮನ್, ಏರಿಯಲ್, ಕೊರಿಯರ್ ನ್ಯೂಗೆ ರೆಡ್‌ಹ್ಯಾಟ್ ಕಂಪನಿ 2007ರಲ್ಲಿ ಬಿಟ್ಟ ಲಿಬರೇಶನ್ ಫಾಂಟ್‌ಗಳು. ಇವುಗಳಲ್ಲಿ ಪ್ರತಿ ಅಕ್ಷರದ ಅಗಲ ಮೂಲದಷ್ಟೇ ಇರುತ್ತೆ, ಹಾಗಾಗಿ ಸಾಲು ಮುರಿಯೋ ಜಾಗ ಬದಲಾಗಲ್ಲ. ಲಿಬ್ರೆಆಫೀಸ್ ಹಾಕಿದ್ರೆ ಜೊತೆಗೇ ಬರ್ತವೆ. ಲಿನಕ್ಸ್‌ನಲ್ಲಿ ಕೆಲವೊಮ್ಮೆ ಬೇರೆಯಾಗಿ ಇನ್‌ಸ್ಟಾಲ್ ಮಾಡಬೇಕಾಗುತ್ತೆ, ಎರಡು ನಿಮಿಷದ ಕೆಲಸ.

ಇನ್ನೊಂದು ತಮಾಷೆ ನೋಡಿ. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಡೀಫಾಲ್ಟ್ ಫಾಂಟ್‌ನ ಆಪ್ಟೋಸ್ ಅಂತ ಬದಲಾಯಿಸಿತು. ಆಫೀಸ್ 2016 ಇರೋ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲ್ಲ. ಅಂದ್ರೆ ಹೊಸ ವರ್ಡ್‌ನಲ್ಲಿ ಮಾಡಿದ ಫೈಲ್ ಹಳೆ ವರ್ಡ್‌ನಲ್ಲೇ ಅಲುಗಾಡುತ್ತೆ! ಎರಡೂ ಕಡೆ ದುಡ್ಡು ಕೊಟ್ಟು ತಗೊಂಡ ಒರಿಜಿನಲ್ ಎಂಎಸ್ ಆಫೀಸೇ ಇದ್ರೂ ಹಾಗೆ.

ಈಗ ನಮ್ಮ ಮನೆ ವಿಷಯಕ್ಕೆ ಬರ್ತೀನಿ, ಕನ್ನಡಕ್ಕೆ. ಇಂಗ್ಲಿಷ್ ಫೈಲ್‌ನಲ್ಲಿ ಸಾಲು ಜಾರುತ್ತೆ ಅಷ್ಟೇ. ಕನ್ನಡ ಫೈಲ್‌ನಲ್ಲಿ ಅಕ್ಷರವೇ ಮಾಯ ಆಗುತ್ತೆ. ಡಿಟಿಪಿ ಸೆಂಟರ್‌ನಲ್ಲಿ ಟೈಪ್ ಮಾಡಿಸಿದ ಅರ್ಜಿಯನ್ನ ವಾಟ್ಸ್ಆ್ಯಪ್‌ನಲ್ಲಿ ತರಿಸ್ಕೊಂಡು ಫೋನ್‌ನಲ್ಲಿ ತೆರೆದಿರೋರಿಗೆ ಗೊತ್ತು. ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ ಕೊಂಬು ಇರೋ ಯಾವುದೋ ಯುರೋಪಿನ ಅಕ್ಷರ, ನಡುವೆ ಪೌಂಡ್ ಚಿಹ್ನೆ. ಬೈಗುಳ ಥರ ಕಾಣೋ ಸಾಲುಗಳು.

ಯಾಕೆ ಹಾಗೆ? ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿ ವಾಸು ಅವರ ಬರಹ, ಇವೆರಡೂ ಕನ್ನಡವನ್ನ ಕಂಪ್ಯೂಟರ್‌ಗೆ ತಂದ ದೊಡ್ಡ ಕೆಲಸಗಳು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವುಗಳ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಫೈಲ್ ಒಳಗೆ ಇರೋದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳು, ಫಾಂಟ್ ಮಾತ್ರ ಆ ಸಂಕೇತದ ಜಾಗದಲ್ಲಿ ಕನ್ನಡದ ಚಿತ್ರ ಬರೆದಿಟ್ಟಿರುತ್ತೆ. ಆ ಫಾಂಟ್ ಇರೋ ಕಂಪ್ಯೂಟರ್‌ನಲ್ಲಿ ಕನ್ನಡ, ಇಲ್ಲದ ಕಡೆ ಗೋಜಲು. ಇದು ಲಿಬ್ರೆಆಫೀಸ್ ತಪ್ಪೂ ಅಲ್ಲ, ಗೂಗಲ್ ಡಾಕ್ಸ್ ತಪ್ಪೂ ಅಲ್ಲ. ನುಡಿ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಒರಿಜಿನಲ್ ವರ್ಡ್ ಕೂಡ ಇದೇ ಗೋಜಲು ತೋರಿಸುತ್ತೆ.

ಹಾಗಾದ್ರೆ ಮಾಡೋದೇನು? ಸಾಫ್ಟ್‌ವೇರ್ ಬದಲಾಯಿಸೋ ಮೊದಲು ಇಂಥ ಫೈಲ್‌ಗಳನ್ನ ಯೂನಿಕೋಡ್‌ಗೆ ಪರಿವರ್ತಿಸಿ. ನುಡಿಯಲ್ಲೂ ಬರಹದಲ್ಲೂ ಅದಕ್ಕೆ ಪರಿವರ್ತಕ ಇದೆ. ಪರಿವರ್ತಿಸಿದ ಮೇಲೆ ಒಮ್ಮೆ ಕೂತು ಓದಿ, ಇದನ್ನ ಬಿಡಬೇಡಿ. ಅರ್ಕಾವತ್ತು ಇರೋ ಪದಗಳು, ಎರಡೆರಡು ಒತ್ತು ಇರೋ ಪದಗಳು, ಮಧ್ಯೆ ಮಧ್ಯೆ ಬರೋ ಇಂಗ್ಲಿಷ್ ಪದಗಳು ಮತ್ತು ಅಂಕಿಗಳು, ಇಲ್ಲೇ ತಪ್ಪು ನುಸುಳೋದು. ಇಂಗ್ಲಿಷ್ ಪದವನ್ನೂ ಪರಿವರ್ತಕ ಕನ್ನಡ ಅಂತ ತಿಳ್ಕೊಂಡು ಅರ್ಥ ಇಲ್ಲದ ಕನ್ನಡ ಮಾಡಿಟ್ಟಿರುತ್ತೆ. ಕನ್ನಡ ಎಂಎ ಮಾಡ್ತಿರೋರು, ಪಿಎಚ್‌ಡಿ ಥೀಸಿಸ್ ಬರೀತಿರೋರು ಇದನ್ನ ಕೊನೇ ತಿಂಗಳಿಗೆ ಬಿಡಬೇಡಿ. 300 ಪುಟ ಪರಿವರ್ತಿಸಿ ತಿದ್ದೋದು ಒಂದು ರಾತ್ರಿಯ ಕೆಲಸ ಅಲ್ಲ.

ಯೂನಿಕೋಡ್ ಆದ್ರೆ ಎಲ್ಲ ಮುಗೀತಾ? ಅಕ್ಷರ ಉಳಿಯುತ್ತೆ, ಪುಟದ ಅಳತೆ ಇನ್ನೂ ಅಲುಗಾಡಬಹುದು. ವಿಂಡೋಸ್‌ನಲ್ಲಿ ಕನ್ನಡಕ್ಕೆ ತುಂಗಾ, ನಿರ್ಮಲಾ ಯುಐ ಅನ್ನೋ ಫಾಂಟ್‌ಗಳಿವೆ. ಲಿನಕ್ಸ್‌ನಲ್ಲಿ ಲೋಹಿತ್, ನೋಟೊ. ಆಂಡ್ರಾಯ್ಡ್‌ನಲ್ಲಿ ನೋಟೊ. ಇವುಗಳ ಅಕ್ಷರದ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಒತ್ತಕ್ಷರ ಕೆಳಗೆ ಇಳಿಯೋ ಭಾಷೆ ನಮ್ಮದು, ಸಾಲಿನ ಎತ್ತರ ಸ್ವಲ್ಪ ಬದಲಾದ್ರೂ ಪುಟಕ್ಕೆ ಎರಡು ಮೂರು ಸಾಲು ಹೆಚ್ಚುಕಮ್ಮಿ. ಸುಲಭದ ದಾರಿ ಅಂದ್ರೆ ನೋಟೊ ಸ್ಯಾನ್ಸ್ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡದಲ್ಲಿ ಬರೆಯೋದು. ಉಚಿತ, ಯಾವ ಕಂಪ್ಯೂಟರ್‌ಗೆ ಬೇಕಾದ್ರೂ ಹಾಕಬಹುದು. ಫೈಲ್ ಕಳಿಸೋವಾಗ ಫಾಂಟನ್ನೂ ಕಳಿಸಿ, ಇಲ್ಲಾಂದ್ರೆ ಫೈಲ್ ಒಳಗೇ ಸೇರಿಸಿ. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಸೇವ್ ಅಂತ ಹೋದ್ರೆ ಎಂಬೆಡ್ ಫಾಂಟ್ಸ್ ಅನ್ನೋ ಗುರುತು ಸಿಗುತ್ತೆ. ಲಿಬ್ರೆಆಫೀಸ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಅಲ್ಲಿ ಫಾಂಟ್ ಅನ್ನೋ ಟ್ಯಾಬ್. ಫೈಲ್ ಸೈಜ್ ಸ್ವಲ್ಪ ದೊಡ್ಡದಾಗುತ್ತೆ, ಪರವಾಗಿಲ್ಲ.

ಕನ್ನಡದಲ್ಲಿ ಇನ್ನೊಂದು ಕಿರಿಕಿರಿ ಇದೆ, ಇದು ಗೊತ್ತಿಲ್ಲದೆ ತುಂಬ ಜನ ಒದ್ದಾಡ್ತಾರೆ. ಸೈಜ್ 12 ಅಂತ ಕೊಟ್ಟಿರ್ತೀರಿ, ಇಂಗ್ಲಿಷ್ ಅಕ್ಷರ 12 ಆಗುತ್ತೆ, ಕನ್ನಡ ಮಾತ್ರ ಬೇರೆ ಸೈಜ್‌ನಲ್ಲೇ ಕೂತಿರುತ್ತೆ. ಯಾಕಂದ್ರೆ ಡಾಕ್‌ಎಕ್ಸ್ ಒಳಗೆ ಮಾಮೂಲಿ ಲಿಪಿಗೆ ಒಂದು ಫಾಂಟ್ ಮತ್ತು ಸೈಜ್, ಕನ್ನಡ, ಹಿಂದಿ, ಅರೇಬಿಕ್ ಥರದ ಸಂಕೀರ್ಣ ಲಿಪಿಗಳಿಗೆ ಇನ್ನೊಂದು ಫಾಂಟ್ ಮತ್ತು ಸೈಜ್ ಅಂತ ಬೇರೆ ಬೇರೆಯಾಗಿ ಬರೆದಿರುತ್ತೆ. ಲಿಬ್ರೆಆಫೀಸ್‌ನಲ್ಲಿ ಇದಕ್ಕೆ ಸಿಟಿಎಲ್ ಅಂತಾರೆ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್. ಟೂಲ್ಸ್, ಆಪ್ಷನ್ಸ್, ಅದರಲ್ಲಿ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ, ಭಾಷೆ ಕನ್ನಡ ಅಂತ ಆರಿಸಿ. ಆಮೇಲೆ ಸ್ಟೈಲ್‌ನಲ್ಲಿ ಕನ್ನಡದ ಫಾಂಟ್, ಸೈಜ್ ಎರಡನ್ನೂ ಒಂದೇ ಸಲ ನಿಗದಿ ಮಾಡಿಬಿಡಿ. ಮತ್ತೆ ಕಾಡಲ್ಲ.

ಇಷ್ಟು ಆದ್ಮೇಲೆ ಸಾಫ್ಟ್‌ವೇರ್‌ಗಳ ಕಡೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ.

ಲಿಬ್ರೆಆಫೀಸ್. ಇದರ ಹಿಂದೆ ದೊಡ್ಡ ವಂಶಾವಳಿ ಇದೆ. ಜರ್ಮನಿಯ ಸ್ಟಾರ್‌ಆಫೀಸ್ ಅನ್ನೋ ಸಾಫ್ಟ್‌ವೇರನ್ನ 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡ್ಕೊಳ್ತು, 2000ದಲ್ಲಿ ಅದರ ಮೂಲ ಕೋಡ್ ಬಿಡುಗಡೆ ಮಾಡ್ತು, ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಾಗ ಬಹಳಷ್ಟು ಡೆವಲಪರ್‌ಗಳು ಹೊರಗೆ ಬಂದು ದಿ ಡಾಕ್ಯುಮೆಂಟ್ ಫೌಂಡೇಶನ್ ಅಂತ ಕಟ್ಟಿ ಲಿಬ್ರೆಆಫೀಸ್ ಶುರು ಮಾಡಿದ್ರು. ಈ ಕಥೆ ಯಾಕೆ ಹೇಳ್ದೆ ಅಂದ್ರೆ, ಇವತ್ತಿಗೂ ತುಂಬ ಜನ ಹಳೇ ಹೆಸರು ನೆನಪಿಟ್ಕೊಂಡು ಓಪನ್‌ಆಫೀಸ್ ಅಂತಲೇ ಹುಡುಕಿ ಡೌನ್‌ಲೋಡ್ ಮಾಡ್ತಾರೆ. ಅದು ಇನ್ನೂ ಸಿಗುತ್ತೆ, ಅಪಾಚೆ ಓಪನ್‌ಆಫೀಸ್ ಅಂತ. ಆದ್ರೆ ಅದರ 4.1 ಬಂದಿದ್ದು 2014ರಲ್ಲಿ, ಆಮೇಲೆ ಬಂದಿರೋದೆಲ್ಲ ಅದರದ್ದೇ ಸಣ್ಣ ತೇಪೆಗಳು. ಅದು ಡಾಕ್‌ಎಕ್ಸ್ ತೆರೆಯುತ್ತೆ, ಡಾಕ್‌ಎಕ್ಸ್ ಆಗಿ ಸೇವ್ ಮಾಡೋಕೆ ಬರಲ್ಲ. ನಮ್ಮ ಇವತ್ತಿನ ಪ್ರಶ್ನೆಗೆ ಅದು ಅಲ್ಲಿಗೇ ಫೇಲ್. ಬೇಕಿರೋದು ಲಿಬ್ರೆಆಫೀಸ್, ಹೆಸರು ಸರಿಯಾಗಿ ನೋಡ್ಕೊಂಡು ಇಳಿಸ್ಕೊಳ್ಳಿ.

ಇಂಟರ್‌ನೆಟ್ ಇಲ್ಲದೆ ಕೆಲಸ ಮಾಡುತ್ತೆ, ಲಾಗಿನ್ ಕೇಳಲ್ಲ, ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಕನ್ನಡದ ಒತ್ತಕ್ಷರ ಚೆನ್ನಾಗಿ ಕೂರಿಸುತ್ತೆ. ವರ್ಡ್‌ನ ರಿಬ್ಬನ್ ಅಭ್ಯಾಸ ಇರೋರು ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್‌ಗೆ ಹೋಗಿ ಟ್ಯಾಬ್ಡ್ ಅಂತ ಆರಿಸಿದ್ರೆ ಹೆಚ್ಚುಕಮ್ಮಿ ಅದೇ ಥರ ಕಾಣುತ್ತೆ. ಅದರ ಸ್ವಂತ ಫಾರ್ಮ್ಯಾಟ್ ಓಡಿಟಿ. ನಿಮ್ಮದೇ ನೋಟ್ಸ್, ನಿಮ್ಮದೇ ಥೀಸಿಸ್ ಕರಡು ಆದ್ರೆ ಓಡಿಟಿಯಲ್ಲೇ ಇಟ್ಕೊಂಡು, ಕೊನೆಯಲ್ಲಿ ಪಿಡಿಎಫ್ ತೆಗೀರಿ. ಪ್ರತಿ ಸಲ ಡಾಕ್‌ಎಕ್ಸ್ ಆಗಿ ಸೇವ್ ಮಾಡಿ ಮತ್ತೆ ತೆರೆಯೋದು ಅಂದ್ರೆ ಪ್ರತಿ ಸಲ ಅನುವಾದ ಮಾಡಿಸಿದ ಹಾಗೆ.

ಆದ್ರೆ ಗೈಡ್ ವರ್ಡ್‌ನಲ್ಲಿ ತಿದ್ದಿ, ಬದಿಯಲ್ಲಿ ಕಾಮೆಂಟ್ ಹಾಕಿ, ಟ್ರ್ಯಾಕ್ ಚೇಂಜಸ್ ಆನ್ ಮಾಡಿ ವಾಪಸ್ ಕಳಿಸ್ತಾರೆ, ನೀವು ತಿದ್ದಿ ಮತ್ತೆ ಕಳಿಸ್ತೀರಿ, ಹೀಗೆ ಹತ್ತು ಸಲ ಆ ಕಡೆ ಈ ಕಡೆ ಓಡಾಡೋ ಫೈಲ್ ಆದ್ರೆ ನಾನು ಓನ್ಲಿಆಫೀಸ್ ಕಡೆ ಕೈ ತೋರಿಸ್ತೀನಿ. ಇದರ ಡೆಸ್ಕ್‌ಟಾಪ್ ಆವೃತ್ತಿ ಉಚಿತ, ಮೂಲ ಕೋಡ್ ಮುಕ್ತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ಫೋನ್‌ಗೂ ಇದೆ. ಇದು ಡಾಕ್‌ಎಕ್ಸ್ ಫಾರ್ಮ್ಯಾಟನ್ನೇ ತನ್ನ ಮನೆ ಭಾಷೆ ಅಂತ ಇಟ್ಕೊಂಡಿದೆ. ಅದಕ್ಕೇ ಇಂಥ ಓಡಾಟದಲ್ಲಿ ಕಡಿಮೆ ಸವೆಯುತ್ತೆ. ಕನ್ನಡ ಬರೆಯೋರು ಮಾತ್ರ ಇತ್ತೀಚಿನ ಆವೃತ್ತಿಯನ್ನೇ ಹಾಕಿ, ಒತ್ತಕ್ಷರ ಇರೋ ಒಂದು ಪುಟ ಮೊದಲು ಟೈಪ್ ಮಾಡಿ, ಪ್ರಿಂಟ್ ತೆಗೆದು ನೋಡಿ, ಆಮೇಲೆ ನಂಬಿ.

ಡಬ್ಲ್ಯೂಪಿಎಸ್ ನೋಡೋಕೆ ವರ್ಡ್ ಥರಾನೇ ಇದೆ, ಫೋನ್‌ನಲ್ಲಿ ತುಂಬ ಜನ ಬಳಸ್ತಾರೆ. ಚೀನಾದ ಕಿಂಗ್‌ಸಾಫ್ಟ್ ಕಂಪನಿಯದ್ದು, ಉಚಿತ ಆವೃತ್ತಿಯಲ್ಲಿ ಜಾಹೀರಾತು, ಕೋಡ್ ಮುಕ್ತ ಅಲ್ಲ. ಆಧಾರ್, ಮಾರ್ಕ್ಸ್ ಕಾರ್ಡ್ ವಿವರ ಇರೋ ಫೈಲ್‌ಗಳಿಗೆ ನಾನು ಅದನ್ನ ಆರಿಸಲ್ಲ. ಅಷ್ಟೇ ಹೇಳ್ತೀನಿ.

ಗೂಗಲ್ ಡಾಕ್ಸ್ ಬಗ್ಗೆ ಹೊಸದಾಗಿ ಹೇಳೋದು ಬೇಡ. ನಾಲ್ಕು ಜನ ಒಟ್ಟಿಗೆ ಕೂತು ಬರೆಯೋ ಗ್ರೂಪ್ ಪ್ರಾಜೆಕ್ಟ್‌ಗೆ ಅದಕ್ಕಿಂತ ಸಲೀಸಾದದ್ದು ಇಲ್ಲ. ಪುಟದ ವಿನ್ಯಾಸ ಬಿಗಿಯಾಗಿ ಬೇಕು ಅಂದಾಗ, ಅಂದ್ರೆ ವಿಶ್ವವಿದ್ಯಾಲಯ ಕೊಟ್ಟ ಟೆಂಪ್ಲೇಟ್, ಇಷ್ಟೇ ಮಾರ್ಜಿನ್, ರೋಮನ್ ಅಂಕಿಯಲ್ಲಿ ಮುನ್ನುಡಿಯ ಪುಟಗಳು ಅಂದಾಗ, ಅದರ ಕೈ ಕಟ್ಟುತ್ತೆ.

ಜೋಹೋ ಹೆಸರು ಈಚೆಗೆ ಜಾಸ್ತಿ ಕೇಳ್ತಾ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಾವು ಡಾಕ್ಯುಮೆಂಟ್, ಸ್ಪ್ರೆಡ್‌ಶೀಟ್, ಪ್ರೆಸೆಂಟೇಶನ್‌ಗೆಲ್ಲ ಜೋಹೋಗೆ ಬದಲಾಗ್ತಾ ಇದ್ದೀನಿ ಅಂದ ಮೇಲೆ ಎಲ್ಲರೂ ಹುಡುಕೋಕೆ ಶುರು ಮಾಡಿದ್ರು. ಚೆನ್ನೈ ಮೂಲದ ಕಂಪನಿ, ಜೋಹೋ ರೈಟರ್ ಬಂದಿದ್ದೇ 2005ರಲ್ಲಿ, ಹೊಸಬರೇನಲ್ಲ. ರೈಟರ್ ಬರೆಯೋಕೆ ಹಿತವಾಗಿದೆ. ನಮ್ಮ ದೇಶದ್ದು ಅನ್ನೋದು ಬಳಸಿ ನೋಡೋಕೆ ಒಳ್ಳೇ ಕಾರಣ. ಫೈಲ್ ಸರಿಯಾಗಿ ತೆರೆಯುತ್ತೆ ಅನ್ನೋದಕ್ಕೆ ಅದು ಸಾಕ್ಷಿ ಆಗಲ್ಲ. ಉಳಿದವಕ್ಕೆ ಮಾಡೋ ಪರೀಕ್ಷೆಯನ್ನ ಅದಕ್ಕೂ ಮಾಡಿ.

ಇನ್ನು ಬಹಳ ಜನ ಮರೆಯೋ ಒಂದು: ಮೈಕ್ರೋಸಾಫ್ಟ್‌ನದ್ದೇ ಉಚಿತ ವೆಬ್ ವರ್ಡ್. ಒಂದು ಅಕೌಂಟ್ ಇದ್ರೆ ಬ್ರೌಸರ್‌ನಲ್ಲಿ ವರ್ಡ್, ಎಕ್ಸೆಲ್ ತೆರೆಯುತ್ತೆ, 5 ಜಿಬಿ ಜಾಗ ಸಿಗುತ್ತೆ. ಸೌಲಭ್ಯ ಕಮ್ಮಿ, ಇಂಟರ್‌ನೆಟ್ ಬೇಕು. ಆದ್ರೆ ನೀವು ಲಿಬ್ರೆಆಫೀಸ್‌ನಲ್ಲಿ ಮಾಡಿದ ಡಾಕ್‌ಎಕ್ಸ್ ಎದುರಿನವರ ವರ್ಡ್‌ನಲ್ಲಿ ಹೇಗೆ ಕಾಣುತ್ತೆ ಅಂತ ಕಳಿಸೋ ಮೊದಲು ನೋಡೋಕೆ ಇದಕ್ಕಿಂತ ಅಗ್ಗದ ಕನ್ನಡಿ ಇಲ್ಲ.

ಫೋನ್‌ನಲ್ಲೇ ಎಲ್ಲ ಮಾಡೋರಿಗೆ ಒಂದು ಮಾತು. ಲಿಬ್ರೆಆಫೀಸ್ ಹೆಸರಿನಲ್ಲಿ ಆಂಡ್ರಾಯ್ಡ್‌ಗೆ ಇರೋದು ಮುಖ್ಯವಾಗಿ ಓದೋಕೆ ಮಾತ್ರದ ವ್ಯೂವರ್. ಅದೇ ಕೋಡ್ ಮೇಲೆ ಕಟ್ಟಿದ ಕೊಲಾಬೊರಾ ಆಫೀಸ್ ಅನ್ನೋ ಆ್ಯಪ್‌ನಲ್ಲಿ ತಿದ್ದಬಹುದು. ಮೈಕ್ರೋಸಾಫ್ಟ್‌ನ ಮೊಬೈಲ್ ಆ್ಯಪ್‌ನಲ್ಲೂ ಸಣ್ಣ ಪರದೆಯ ಫೋನ್‌ಗಳಲ್ಲಿ ಸಾಧಾರಣ ತಿದ್ದುಪಡಿ ಉಚಿತ.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಎಲ್ಲರಿಗೂ ಒಂದೇ ಫಾರ್ಮ್ಯಾಟ್ ಅಂತ ಮಾಡಿದ್ರೆ ಮುಗೀತಲ್ವಾ? ಮಾಡೋಕೆ ಹೋದ್ರು, ಎರಡು ಆಯ್ತು. ಲಿಬ್ರೆಆಫೀಸ್ ಬಳಸೋ ಓಡಿಎಫ್ 2006ರಲ್ಲಿ ಐಎಸ್‌ಒ ಮಾನದಂಡ ಆಯ್ತು. ಮೈಕ್ರೋಸಾಫ್ಟ್ ತನ್ನ ಓಓಎಕ್ಸ್‌ಎಂಎಲ್, ಅಂದ್ರೆ ನಮ್ಮ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ಹಿಂದಿರೋದು, ಅದನ್ನ ತಂದಾಗ ಅದರ ವಿವರಣೆಯೇ 6,000 ಪುಟ ದಾಟಿತ್ತು. ಭಾರತ ಅದರ ವಿರುದ್ಧ ಮತ ಹಾಕಿದ ದೇಶಗಳಲ್ಲಿ ಒಂದು. ಆದ್ರೂ 2008ರಲ್ಲಿ ಅದೂ ಐಎಸ್‌ಒ ಮಾನದಂಡ ಆಯ್ತು. ಅದರಲ್ಲೂ ಸ್ಟ್ರಿಕ್ಟ್, ಟ್ರಾನ್ಸಿಶನಲ್ ಅಂತ ಎರಡು ಬಗೆ. ಹಳೇ ಆಫೀಸ್‌ನ ಅಭ್ಯಾಸಗಳನ್ನೆಲ್ಲ ಹೊತ್ಕೊಂಡಿರೋ ಟ್ರಾನ್ಸಿಶನಲ್ ಬಗೆಯಲ್ಲೇ ವರ್ಡ್ ಇವತ್ತಿಗೂ ಡೀಫಾಲ್ಟ್ ಆಗಿ ಸೇವ್ ಮಾಡುತ್ತೆ. ಬೇರೆ ಸಾಫ್ಟ್‌ವೇರ್‌ಗಳು ಅನುಕರಿಸಬೇಕಿರೋದು ಬರೀ ಪುಸ್ತಕದಲ್ಲಿರೋದನ್ನಲ್ಲ, ವರ್ಡ್ ನಿಜವಾಗಿ ನಡ್ಕೊಳ್ಳೋ ರೀತಿಯನ್ನ.

ಅದಕ್ಕೇ ಇಡೀ ಕಚೇರಿಗಳು ಬದಲಾಗೋವಾಗ ಫಾರ್ಮ್ಯಾಟನ್ನೇ ಒಟ್ಟಿಗೆ ಬದಲಾಯಿಸೋಕೆ ನೋಡ್ತವೆ. ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಸರ್ಕಾರಿ ಕಂಪ್ಯೂಟರ್‌ಗಳನ್ನ ಲಿಬ್ರೆಆಫೀಸ್‌ಗೆ ಬದಲಾಯಿಸ್ತೀವಿ ಅಂತ 2024ರಲ್ಲಿ ಹೇಳಿ, ಓಡಿಎಫ್ ಕಡೆಗೂ ಹೊರಟಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮುಕ್ತ ಸಾಫ್ಟ್‌ವೇರಿನಲ್ಲೇ ಪಾಠ ನಡೀತಾ ಇದೆ. ಜರ್ಮನಿಯದ್ದೇ ಮ್ಯೂನಿಕ್ ನಗರ 2003ರಲ್ಲಿ ಲಿನಕ್ಸ್ ಕಡೆ ಹೊರಟು 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗೋ ತೀರ್ಮಾನ ಮಾಡಿದ ಉದಾಹರಣೆಯೂ ಇದೆ. ನಿಮ್ಮ ಪರಿಸ್ಥಿತಿ ಇವರಿಗಿಂತ ಕಷ್ಟದ್ದು, ಯಾಕಂದ್ರೆ ನೀವೊಬ್ಬರೇ ಬದಲಾಗ್ತಾ ಇದ್ದೀರಿ, ನಿಮ್ಮ ಗೈಡ್, ಎಚ್‌ಆರ್, ಜೆರಾಕ್ಸ್ ಅಂಗಡಿಯವರು ಯಾರೂ ಬದಲಾಗಿಲ್ಲ.

ಹಾಗಾಗಿ ಪರೀಕ್ಷೆ ಮಾಡ್ಕೊಳ್ಳಿ. ಯೂಟ್ಯೂಬ್ ರಿವ್ಯೂ ನೋಡಿ ಅಲ್ಲ, ನಿಮ್ಮದೇ ಫೈಲ್ ಇಟ್ಕೊಂಡು. ನಿಮ್ಮ ಹತ್ರ ಇರೋದ್ರಲ್ಲಿ ಅತಿ ಕಷ್ಟದ ಫೈಲ್ ಆರಿಸಿ: ತಾನಾಗೇ ತಯಾರಾಗೋ ಪರಿವಿಡಿ, ಅಡಿಟಿಪ್ಪಣಿ, ಸಮೀಕರಣ, ಟೇಬಲ್, ಕನ್ನಡ ಇಂಗ್ಲಿಷ್ ಎರಡೂ ಇರೋದು. ಕಾಪಿ ಮಾಡಿ. ಮೂಲದ ಪಿಡಿಎಫ್ ಒಂದು ತೆಗೆದಿಡಿ. ಈಗ ಕಾಪಿಯನ್ನ ಹೊಸ ಸಾಫ್ಟ್‌ವೇರ್‌ನಲ್ಲಿ ತೆರೆದು ಪುಟಸಂಖ್ಯೆ ಹೋಲಿಸಿ. ಬೇರೆ ಬಂದ್ರೆ ತಕ್ಷಣ ಬೈಬೇಡಿ, ಮೊದಲು ಫಾಂಟ್ ನೋಡಿ. ಆಮೇಲೆ ಒಂದು ಪ್ಯಾರಾ ತಿದ್ದಿ, ಒಂದು ಕಾಮೆಂಟ್ ಹಾಕಿ, ಡಾಕ್‌ಎಕ್ಸ್ ಆಗಿ ಸೇವ್ ಮಾಡಿ, ಅದನ್ನ ವೆಬ್ ವರ್ಡ್‌ನಲ್ಲೋ ಗೆಳೆಯರ ಕಂಪ್ಯೂಟರ್‌ನಲ್ಲೋ ತೆರೀರಿ. ಈ ಹೋಗಿ ಬರೋ ಪ್ರಯಾಣದಲ್ಲಿ ಏನು ಉಳೀತು ಅನ್ನೋದೇ ಲೆಕ್ಕ. ತೆರೆದಾಗ ಚೆನ್ನಾಗಿ ಕಂಡ ಫೈಲ್ ಸೇವ್ ಮಾಡಿದಾಗ ಕೆಡಬಹುದು, ಇದನ್ನೇ ಹೆಚ್ಚಿನವರು ನೋಡಲ್ಲ.

ಎಕ್ಸೆಲ್ ಬಗ್ಗೆ ಹೇಳದಿದ್ರೆ ಕಾಮರ್ಸ್ ಹುಡುಗರು ಬಿಡಲ್ಲ. ಸಾಮಾನ್ಯ ಲೆಕ್ಕ, ಚಾರ್ಟ್, ಪಿವೋಟ್ ಟೇಬಲ್‌ಗೆ ಲಿಬ್ರೆಆಫೀಸ್‌ನ ಕ್ಯಾಲ್ಕ್ ಸಾಕು. ಎಕ್ಸ್‌ಲುಕಪ್ ಇಲ್ಲ ಅನ್ನೋ ದೂರು ಇತ್ತು, 2024ರ ಆಗಸ್ಟ್‌ನಲ್ಲಿ ಬಂದ 24.8 ಆವೃತ್ತಿಯಲ್ಲಿ ಅದೂ ಸೇರಿದೆ. ಗೋಡೆ ಇರೋದು ಮ್ಯಾಕ್ರೋ ಹತ್ರ. ಎಕ್ಸೆಲ್‌ನ ವಿಬಿಎ ಮ್ಯಾಕ್ರೋಗಳು ಕ್ಯಾಲ್ಕ್‌ನಲ್ಲಿ ಸ್ವಲ್ಪ ಮಟ್ಟಿಗೆ ಮಾತ್ರ ಓಡ್ತವೆ, ಓನ್ಲಿಆಫೀಸ್ ಮ್ಯಾಕ್ರೋಗೆ ಜಾವಾಸ್ಕ್ರಿಪ್ಟ್ ಬಳಸುತ್ತೆ. ಜಿಎಸ್‌ಟಿಆರ್ 9ರ ಆಫ್‌ಲೈನ್ ಯುಟಿಲಿಟಿ ಇದೆಯಲ್ಲ, ಅದು ಮ್ಯಾಕ್ರೋ ಇರೋ ಎಕ್ಸೆಲ್ ಫೈಲ್. ಸಿಎ ಆಫೀಸ್‌ನಲ್ಲಿ ಆರ್ಟಿಕಲ್‌ಶಿಪ್ ಮಾಡ್ತಿರೋರು ಬದಲಿ ಹುಡುಕೋಕೆ ಹೋಗಬೇಡಿ, ಎಕ್ಸೆಲ್ ಇಟ್ಕೊಳ್ಳಿ, ಅದು ನಿಮ್ಮ ಅನ್ನದ ವಿಷಯ.

ಕೊನೆಯದಾಗಿ ರೆಸ್ಯೂಮೆ, ಯಾಕಂದ್ರೆ ಇದನ್ನ ಕೇಳ್ತಿರೋ ಅರ್ಧ ಜನರ ಚಿಂತೆ ಅದೇ. ಎದುರಿನವರು ತಿದ್ದಬೇಕಿಲ್ಲ ಅಂದ್ರೆ ಪಿಡಿಎಫ್ ಕಳಿಸಿ, ಫಾಂಟ್ ಅದರೊಳಗೇ ಇರುತ್ತೆ. ಕೆಲವು ಪೋರ್ಟಲ್‌ಗಳು, ಕನ್ಸಲ್ಟೆನ್ಸಿಗಳು ಡಾಕ್‌ಎಕ್ಸ್ ಬೇಕು ಅಂತಲೇ ಹಠ ಹಿಡೀತವೆ. ಆಗ ಟೆಕ್ಸ್ಟ್ ಬಾಕ್ಸ್, ಎರಡು ಕಾಲಂ, ಬಣ್ಣದ ಪಟ್ಟಿ ಎಲ್ಲ ಬಿಟ್ಟು ಸೀದಾ ಪ್ಯಾರಾಗಳಲ್ಲಿ ಬರೀರಿ. ಸ್ಪೇಸ್ ಬಾರ್ ಒತ್ತಿ ಒತ್ತಿ ತಾರೀಖನ್ನ ಬಲಕ್ಕೆ ತಳ್ಳಬೇಡಿ, ಟ್ಯಾಬ್ ಇಡಿ. ಪುಟದ ಕೊನೆಯಲ್ಲಿ ಮೂರ್ನಾಲ್ಕು ಸಾಲು ಖಾಲಿ ಜಾಗ ಬಿಡಿ. ಲಿಬ್ರೆಆಫೀಸ್‌ನಲ್ಲಾದ್ರೆ ಕ್ಯಾಲಿಬ್ರಿ ಬದಲು ಕಾರ್ಲಿಟೊ ಬಂದ್ರೂ, ಹಳೇ ವರ್ಡ್‌ನಲ್ಲಿ ಆಪ್ಟೋಸ್ ಬದಲು ಇನ್ನೇನೋ ಬಂದ್ರೂ, ನಿಮ್ಮ ಸಹಿ ಮೊದಲ ಪುಟದಲ್ಲೇ ಉಳಿಯುತ್ತೆ.

ಪರೀಕ್ಷೆ ಮಾಡಿದಾಗ ನಿಮ್ಮ ಫೈಲ್‌ನಲ್ಲಿ ಏನು ಕೆಟ್ಟಿತು ಅಂತ ಕಾಮೆಂಟ್‌ನಲ್ಲಿ ಬರೀರಿ, ಯಾವ ಸಾಫ್ಟ್‌ವೇರ್, ಯಾವ ಫಾಂಟ್ ಅನ್ನೋದನ್ನೂ ಸೇರಿಸಿ.